ಸೂಲಗಿತ್ತಿಯ ಮೈ ಇಳಿದ ಬಗೆ

ನನಗೆ ಮೂವತ್ತೆಂಟು ತುಂಬುವ ಹೊತ್ತಿಗೆ ನೆಲದ ಮೇಲೆ ಕುಳಿತರೆ ಏಳಲು ಇಬ್ಬರು ಹೆಂಗಸರ ಕೈ ಬೇಕಾಗುತ್ತಿತ್ತು. ಸೂಲಗಿತ್ತಿಯ ಕೆಲಸವೆಲ್ಲ ನೆಲದ ಮೇಲೆಯೇ. ಕೂಸು ಹೊರಬಂದು, ಹೊಕ್ಕುಳ ಬಳ್ಳಿ ಕತ್ತರಿಸಿ, ಎಲ್ಲ ಸ್ವಚ್ಛವಾದ ಮೇಲೆ ಮನೆಯವರು ಮೊದಲು ಬಾಣಂತಿಯನ್ನು ಎಬ್ಬಿಸಿ ಕೂರಿಸುತ್ತಿದ್ದರು, ಆಮೇಲೆ ನನ್ನನ್ನು. ಎಬ್ಬಿಸುವಾಗ ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದಿದ್ದರೆ ಅವರಿಗೆ ಸಂಕೋಚವಾಗುತ್ತಿತ್ತು.

ಈಗ ನನ್ನನ್ನು ಕಂಡ ಹೆಂಗಸರು ದವಾಖಾನೆಯ ಮೂಲೆಗೆ ಕರೆದು ದನಿ ತಗ್ಗಿಸಿ ಕೇಳುತ್ತಾರೆ, ಏನು ತಿಂದೆ, ಏನು ಕುಡಿದೆ, ಯಾರ ಔಷಧಿ ಎಂದು. ನಿಂತುಕೊಂಡು ಹೇಳುವಷ್ಟು ಸಣ್ಣ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ನೀಲವ್ವ. ತವರು ಯಲಬುರ್ಗಾ ಕಡೆಯ ಹಳ್ಳಿ. ಅಪ್ಪ ಒಕ್ಕಲುತನದವನಾದರೂ ಪುರಾಣ ಓದುವಷ್ಟು ಅಕ್ಷರ ಬಲ್ಲವನು, ನನಗೂ ಕಲಿಸಿದ. ಕುಷ್ಟಗಿಗೆ ಮದುವೆ ಮಾಡಿಕೊಟ್ಟರು. ಗಂಡ ತಹಸೀಲ ಕಚೇರಿಯಲ್ಲಿ ಜವಾನನಾಗಿದ್ದ. ಮದುವೆಯಾದ ಆರನೆಯ ವರ್ಷ ಜ್ವರ ಬಂದು, ಒಂಬತ್ತು ದಿನ ಮಲಗಿ ಹೋದ. ಮಕ್ಕಳಿರಲಿಲ್ಲ. ಕಚೇರಿಯ ಸಾಹೇಬರೊಬ್ಬರು ಕನಿಕರಪಟ್ಟು ನನ್ನನ್ನು ರಾಯಚೂರಿಗೆ ದಾಯಿಯ ಕೆಲಸ ಕಲಿಯಲು ಕಳಿಸಿದರು. ಕಲಿತು ಬಂದು ಕುಷ್ಟಗಿಯ ದವಾಖಾನೆ ಸೇರಿದೆ. ಅಂದಿನಿಂದ ಮನೆಯಲ್ಲಿ ಇಬ್ಬರೇ, ನಾನು ಮತ್ತು ನನ್ನ ಅತ್ತೆ ಸಿದ್ದವ್ವ.

ನನ್ನ ಮೈ ಬೆಳೆದದ್ದು ಮಂದಿಯ ಸಂತೋಷದಿಂದ. ಕೂಸು ಹುಟ್ಟಿದ ಮನೆಯಲ್ಲಿ ಬಾಣಂತಿಗೆ ಮಾಡಿದ್ದನ್ನೆಲ್ಲ ಸೂಲಗಿತ್ತಿಗೂ ಬಡಿಸುತ್ತಾರೆ. ಅಂಟಿನುಂಡಿ, ಅಳವಿ ಪಾಯಸ, ತುಪ್ಪ ತೇಲುವ ಸಜ್ಜಕ. ಸೂಲಗಿತ್ತಿ ಉಣ್ಣದೆ ಹೊಸ್ತಿಲು ದಾಟಿದರೆ ಬಾಣಂತಿಯ ಎದೆಹಾಲು ಬತ್ತುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಬಾಣಂತಿ ತಿಂಗಳೊಪ್ಪತ್ತು ಹಾಗೆ ಉಂಡು ಬಿಡುತ್ತಾಳೆ. ನಾನು ವರ್ಷವೆಲ್ಲ ಉಣ್ಣುತ್ತಿದ್ದೆ. ಸುಳ್ಳೇಕೆ ಹೇಳಲಿ, ನನಗೆ ಅದು ಬೇಕಾಗಿತ್ತು. ಆ ತಾಟಿನ ಮುಂದೆ ಕುಳಿತಾಗ ಆ ಮನೆಯ ಸಂತೋಷದಲ್ಲಿ ನನಗೂ ಒಂದು ಪಾಲಿದೆ ಅನ್ನಿಸುತ್ತಿತ್ತು.

ಮನೆಗೆ ಬಂದರೆ ಅತ್ತೆ ಕಾಯುತ್ತಿದ್ದಳು.

"ಉಂಡ ಬಂದ್ಯಾ?"

"ಹೂಂ ಅತ್ತಿ. ಹೊಟ್ಟಿ ಬಿರ್ಯಾಂಗ ಆಗೈತಿ."

"ಅದು ಮಂದಿ ಮನಿ ಊಟ. ನಮ್ಮ ಮನಿದು ಎಲ್ಲಿ ಆತು? ಕುಂಡ್ರು."

ಮಗ ಕೊನೆಯ ದಿನಗಳಲ್ಲಿ ಏನೂ ಉಣ್ಣದೆ ಹೋದದ್ದು ಅವಳ ಎದೆಯಲ್ಲಿ ಉಳಿದಿತ್ತು. ಅವನಿಗೆ ಉಣಿಸಲಾಗದ ತುತ್ತುಗಳನ್ನೆಲ್ಲ ನನಗೆ ಉಣಿಸುತ್ತಿದ್ದಳು. ಒಲ್ಲೆ ಎಂದರೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಮೊದಲ ಸಲ ಮೈ ಇಳಿಸಲು ಹೊರಟಾಗ ನನಗೆ ಮೂವತ್ತೆರಡು. ಗಂಗಾವತಿಯ ಅಕ್ಕಿ ಪೇಟೆಯ ಹಿಂದೆ ಒಬ್ಬ ಹಕೀಮರಿದ್ದರು. ಅವರು ಒಂದು ಕಂದು ಬಣ್ಣದ ಪುಡಿ ಕೊಟ್ಟು, ಗಂಜಿಯ ತಿಳಿ ಬಿಟ್ಟು ಬೇರೇನೂ ಮುಟ್ಟಬಾರದು ಎಂದರು. ಪುಡಿ ಹೊಟ್ಟೆಯನ್ನು ಬರಿದು ಮಾಡುತ್ತಿತ್ತು. ಇಪ್ಪತ್ತು ದಿನಕ್ಕೆ ಕುಪ್ಪಸ ಸಡಿಲವಾಯಿತು. ಬಾವಿಯ ಹತ್ತಿರ ಹೆಂಗಸರು ಹೊಗಳಿದರು. ಇಪ್ಪತ್ತೊಂದನೆಯ ದಿನ ಒಂದು ಹೆರಿಗೆಯಲ್ಲಿ ಹೊಕ್ಕುಳಿಗೆ ದಾರ ಕಟ್ಟಲು ಹೋದರೆ ಬೆರಳಲ್ಲಿ ಬಲವಿಲ್ಲದೆ ಗಂಟು ಬೀಳಲಿಲ್ಲ. ಬಾಣಂತಿಯ ತಾಯಿಯೇ ಕಟ್ಟಿದಳು. ಹೊರಗೆ ಬಂದವಳು ಕಟ್ಟೆಯ ಮೇಲೆ ಬಿದ್ದೆ. ಪುಡಿಯ ಪೊಟ್ಟಣವನ್ನು ಅತ್ತೆ ತಿಪ್ಪೆಗೆ ಎಸೆದಳು. ದೀಪಾವಳಿಯೊಳಗೆ ಹೋದದ್ದೆಲ್ಲ ಮರಳಿ ಬಂತು.

ಎರಡನೆಯ ಸಲ ಶ್ರಾವಣದ ನೆವ ಮಾಡಿಕೊಂಡೆ. ದೇವರ ಹೆಸರಿನಲ್ಲಿ ಒಪ್ಪೊತ್ತು ಇದ್ದರೆ ಅತ್ತೆಯೂ ಅಡ್ಡ ಬರಲಾರಳು ಎಂಬ ಉಪಾಯ. ಶ್ರಾವಣ ಮುಗಿದರೂ ಬಿಡಲಿಲ್ಲ. ನಾಲ್ಕು ತಿಂಗಳು ನಡೆಸಿದೆ. ತಲೆಗೂದಲು ಉದುರಿತು, ಸಿಟ್ಟು ಹೆಚ್ಚಿತು, ನೋವು ತಿನ್ನುತ್ತಿದ್ದ ಹೆಂಗಸರ ಮೇಲೆ ರೇಗಿದೆ. ಒಂದು ದಿನ ಸಾಹುಕಾರರ ಮನೆಯಲ್ಲಿ ಗಂಡು ಕೂಸು ಹುಟ್ಟಿತು. ತಾಟಿನಲ್ಲಿ ಅಂಟಿನುಂಡಿ ಇಟ್ಟರು. ಒಂದು ಮುರಿದು ಬಾಯಿಗೆ ಹಾಕಿದವಳು ಐದನ್ನೂ ತಿಂದೆ. ನಾಚಿಕೆಯಾಯಿತು. ಆ ನಾಚಿಕೆಗೆ ಮರುದಿನ ಮತ್ತೆ ತಿಂದೆ. ಅಲ್ಲಿಂದ ತಡೆಯೇ ಇರಲಿಲ್ಲ. ವರ್ಷದೊಳಗೆ ಮೊದಲಿಗಿಂತ ದಪ್ಪಗಾದೆ. ಇನ್ನು ನನ್ನ ಹಣೆಬರಹ ಇಷ್ಟೇ ಎಂದು ಕೈಬಿಟ್ಟೆ.

ಹೊನ್ನವ್ವ ಸತ್ತದ್ದು ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ.

ಅವಳದು ಕುಷ್ಟಗಿಯಿಂದ ಮೂರು ಹರದಾರಿ ದೂರದ ಸಣ್ಣ ಊರು. ಅವಳಿಗೆ ಹೆರಿಗೆ ನೋವು ಶುರುವಾಗಿದೆಯೆಂದು ಗಂಡ ಬೆಳಿಗ್ಗೆ ಬಂಡಿ ತಂದ. ಮಳೆ ಬಂದು ಹಳ್ಳ ಕೆಸರಾಗಿತ್ತು. ಬಂಡಿ ಹಳ್ಳಕ್ಕೆ ಇಳಿಯಲಿಲ್ಲ. ಇಳಿದು ನಡೆಯಬೇಕಾಯಿತು. ಆಚೆ ದಂಡೆಯಿಂದ ಊರು ಕಾಣುತ್ತಿತ್ತು, ಒಂದು ಮೈಲಿಗಿಂತ ಹೆಚ್ಚಿರಲಿಲ್ಲ. ಅಷ್ಟು ದಾರಿಯಲ್ಲಿ ನಾನು ಐದು ಸಲ ಕುಳಿತೆ. ಉಸಿರು ಮೇಲೆ ಬರುತ್ತಿರಲಿಲ್ಲ. ಕುಳಿತಾಗಲೆಲ್ಲ ಅವನು ನನ್ನನ್ನು ಎಬ್ಬಿಸಬೇಕಿತ್ತು. ಮೂರನೆಯ ಸಲ ಅವನು ಊರಿನ ಕಡೆ ನೋಡುತ್ತ, "ಅವ್ವಾರ, ನಾ ಹೊತ್ಕೊಂಡ ಹೋಗಲೇನ್ರಿ?" ಎಂದ. ಒಣಕಲು ಮನುಷ್ಯ. ನನ್ನನ್ನು ಎತ್ತಲು ಅವನಂಥ ಮೂವರು ಬೇಕಾಗುತ್ತಿತ್ತು.

ನಾವು ಮುಟ್ಟುವ ಹೊತ್ತಿಗೆ ಕೂಸು ಹುಟ್ಟಿತ್ತು, ಅಳುತ್ತಿತ್ತು. ಹೊನ್ನವ್ವನ ಕೆಳಗಿನ ಗೋಣಿತಟ್ಟು, ಅದರ ಕೆಳಗಿನ ನೆಲ, ಎಲ್ಲ ನೆಂದಿತ್ತು. ಮಂಡಿಯೂರಿ ಕುಳಿತು ಹೊಟ್ಟೆ ಹಿಚುಕಿದೆ, ರಾಯಚೂರಿನಲ್ಲಿ ಕಲಿಸಿದ್ದನ್ನೆಲ್ಲ ಮಾಡಿದೆ. ಅವಳ ಕಾಲು ಆಗಲೇ ತಣ್ಣಗಾಗಿದ್ದವು. ಒಂದು ಸಲ ಕಣ್ಣು ತೆರೆದು ನನ್ನನ್ನು ನೋಡಿದಳು, ಅಷ್ಟೇ.

ಅವಳ ತಾಯಿ ಗೋಡೆಗೆ ಆನಿಕೊಂಡು ಕುಳಿತಿದ್ದಳು. "ನಿನ್ನ ದಾರಿ ನೋಡಿದ್ವಿ ಯವ್ವಾ," ಎಂದಳು. ಬೈಗುಳವಿರಲಿಲ್ಲ. "ನೀ ಹಳ್ಳದಾಗ ಬರೋದು ಮಾಳಗಿ ಮ್ಯಾಲಿಂದ ಕಾಣ್ತಿತ್ತು. ಬಂದ್ಲು, ಬಂದ್ಲು ಅಂತ ಅಕಿಗೆ ಹೇಳಿಕೋಂತ ಇದ್ದೆ."

ಬೇಗ ಹೋಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಉಳಿಯುತ್ತಿರಲಿಲ್ಲ ಎಂದು ದವಾಖಾನೆಯ ಡಾಕ್ಟರು ಹೇಳಿದರು. ಅವರು ಒಳ್ಳೆಯವರು, ಹಾಗೆ ಹೇಳಲೇಬೇಕಿತ್ತು. ಆ ದಿನ ಆ ಮನೆಯಲ್ಲಿ ನನ್ನನ್ನು ನೆಲದಿಂದ ಎಬ್ಬಿಸಲು ಯಾರೂ ಬರಲಿಲ್ಲ. ತೆವಳುತ್ತ ಹೋಗಿ ಕಂಬ ಹಿಡಿದು ಎದ್ದೆ.

ಆ ನಡಿಗೆಯಲ್ಲಿ ಬಲಗಾಲಿನ ಕಿರುಬೆರಳ ಬುಡದಲ್ಲಿ ಗುಳ್ಳೆ ಎದ್ದಿತ್ತು. ಒಡೆದು ಹುಣ್ಣಾಯಿತು. ತಿಂಗಳಾದರೂ ಮಾಯಲಿಲ್ಲ. ಬಾಯಿ ಒಣಗುವುದು, ಮೇಲಿಂದ ಮೇಲೆ ನೀರು ಕುಡಿಯುವುದು ಮೊದಲೇ ಇತ್ತು, ಬಿಸಿಲಿನ ಊರೆಂದು ಸುಮ್ಮನಿದ್ದೆ. ಹುಣ್ಣು ವಾಸನೆ ಹಿಡಿದಾಗ ಕಂಪೌಂಡರು, "ನೀಲವ್ವಾ, ಇದು ನಮ್ಮ ಕೈ ಮೀರೇತಿ. ಗದಗಿಗೆ ಹೋಗು," ಎಂದರು. ಕೊಪ್ಪಳದವರೆಗೆ ಬಂಡಿ, ಅಲ್ಲಿಂದ ರೈಲು. ಜೊತೆಗೆ ಅತ್ತೆ ಬಂದಳು, ಒಂದು ಗಂಟು ರೊಟ್ಟಿ ಕಟ್ಟಿಕೊಂಡು.

ಗದಗಿನ ದೊಡ್ಡ ಆಸ್ಪತ್ರೆಯ ಪಡಸಾಲೆಯಲ್ಲಿ ಉದ್ದನೆಯ ಬೆಂಚುಗಳಿದ್ದವು. ನಾನು ಕುಳಿತ ಕೂಡಲೇ ಇನ್ನಿಬ್ಬರು ಸರಿದು ಎದ್ದು ನಿಂತರು. ಉಳಿದವನು ಒಬ್ಬನೇ, ಒಂದು ಕಾಲಿಗೆ ದಪ್ಪ ಬಟ್ಟೆ ಸುತ್ತಿಕೊಂಡ ಮುದುಕ. ಬೆಳಿಗ್ಗೆ ಕೊಟ್ಟ ಮೂತ್ರದ ಪರೀಕ್ಷೆ ಏನಾಯಿತೆಂದು ತಿಳಿಯಲು ಮಧ್ಯಾಹ್ನದವರೆಗೆ ಕಾಯಬೇಕಿತ್ತು.

"ನಿಂದೂ ಸಿಹಿ ಏನವಾ?" ಎಂದ ಮುದುಕ.

"ಏನ ಸಿಹಿ?"

"ಉಚ್ಚಿ. ನಂದು ಸಿಹಿ ಐತಂತ. ನನ್ನ ಕಡೆ ಏನರ ಸಿಹಿ ಐತಿ ಅಂತ ಯಾರರ ಅಂದಿದ್ದು ಇದ ಮೊದಲ ಸಲ."

ನನಗೆ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು. ಸ್ವಲ್ಪ ಹೊತ್ತಿಗೆ ಅವನನ್ನು ಒಳಗೆ ಕರೆದರು. ಅವನ ಕಾಲು ಮೊಣಕಾಲಿನವರೆಗೆ ತೆಗೆಯಬೇಕೆಂದು ಹೇಳಿದ್ದು ಬಾಗಿಲ ಸಂದಿಯಿಂದ ಕೇಳಿಸಿತು. ಹೊರಗೆ ಬಂದು ಮತ್ತೆ ನನ್ನ ಪಕ್ಕದಲ್ಲೇ ಕುಳಿತ. ಕಾಲಿನ ಬಟ್ಟೆಯನ್ನು ಇನ್ನೊಮ್ಮೆ ಬಿಗಿದು ಸುತ್ತಿಕೊಂಡ.

ನನ್ನದೂ ಸಿಹಿಯಾಗಿತ್ತು. ಡಾಕ್ಟರು ನಡುವಯಸ್ಸಿನವರು, ಧಾರವಾಡ ಕಡೆಯ ಮಾತು. ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು ನೋಡಿದರು. ಕಿರುಬೆರಳು ಉಳಿಯುವುದಿಲ್ಲ, ಪಾದ ಉಳಿಯಬಹುದು ಎಂದರು. "ಆದ್ರ ಮೈ ಇಳೀಬೇಕು. ಇಳೀದಿದ್ರ ಮುಂದ ಪಾದ, ಅದರ ಮುಂದ ಕಾಲು."

"ಸಾಹೇಬ್ರ, ಎರಡ ಸಲ ಇಳಿಸೇನ್ರಿ. ಉಪಾಸ ಇದ್ದು ಇದ್ದು ಸಾಕಾಗೇತ್ರಿ."

"ಉಪಾಸ ಯಾರು ಹೇಳಿದ್ರು ನಿನಗ? ಉಪಾಸ ಮಾಡಿ ಮಾಡಿನ ನೀ ಇಷ್ಟ ದಪ್ಪ ಆಗೀದಿ." ಅವರು ಕಾಲನ್ನು ಮೆಲ್ಲಗೆ ಕೆಳಗಿಟ್ಟರು. "ದಿನಾ ಉಣ್ಣಬೇಕು. ವ್ಯಾಳ್ಯಾಕ್ಕ ಸರಿಯಾಗಿ, ಅಷ್ಟಕ್ಕಷ್ಟ. ಎರಡ ರೊಟ್ಟಿ, ಪಲ್ಯಾ, ಬ್ಯಾಳಿ, ಮಜ್ಜಿಗಿ. ಬೆಲ್ಲ, ತುಪ್ಪ, ಉಂಡಿ ಇಲ್ಲ. ಕಾಲು ಮಾಗಿದ ಮ್ಯಾಲೆ ದಿನಾ ನಡೀಬೇಕು. ಮೂರ ತಿಂಗಳಾಗ ಇಳಿಸ್ತೇನಿ ಅಂತ ಹೊಂಟ್ರ ಮತ್ತ ಬೀಳ್ತಿ. ಮೂರು ವರ್ಷ ಹಿಡೀಲಿ."

"ಮೂರು ವರ್ಷ ಆದ ಮ್ಯಾಲೆ?"

"ಆಮ್ಯಾಲೂ ಹಂಗ. ಇರೂತನಕ."

ಬೆರಳು ತೆಗೆದರು. ಮೂರು ವಾರ ಅಲ್ಲಿದ್ದೆ. ಆ ವಾರ್ಡನ್ನು ಗುಡಿಸುತ್ತಿದ್ದ ಹೆಂಗಸು ನಾನು ನೆಲದಲ್ಲಿ ಕೂರಲಾರೆನೆಂದು ಕಂಡು, ಯಾರನ್ನೂ ಕೇಳದೆ ಎಲ್ಲಿಂದಲೋ ಒಂದು ಮರದ ಮಣೆ ತಂದು ಬಚ್ಚಲಲ್ಲಿ ಇಟ್ಟಿದ್ದಳು. ಅವಳ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಕಸಿವಿಸಿಯಾಗುತ್ತದೆ.

ಊರಿಗೆ ಮರಳಿದ ಮೇಲೆ ಕಷ್ಟ ಶುರುವಾಯಿತು. ಮೊದಲ ಹೆರಿಗೆಯ ಮನೆಯಲ್ಲೇ ಪಾಯಸದ ಬಟ್ಟಲನ್ನು ಹಿಂದಕ್ಕೆ ಸರಿಸಿದೆ. ಕೂಸಿನ ಅಜ್ಜಿಯ ಮುಖ ಕಪ್ಪಿಟ್ಟಿತು.

"ಯಾಕ? ನಮ್ಮ ಮನ್ಯಾಗ ಉಣ್ಣಾಕ ಏನ ದೋಷ ಬಂತು?"

"ದೋಷ ಅಲ್ಲ ತಾಯಿ. ಜಡ್ಡು. ಸಿಹಿ ಬ್ಯಾಡಂದಾರ."

"ಬಾಣಂತಿ ಮನ್ಯಾಗ ಜಡ್ಡಿನ ಹೆಸರು ತೆಗೀತಿ?"

ನಾಲ್ಕು ದಿನಕ್ಕೆ ಆ ಕೂಸಿಗೆ ಜ್ವರ ಬಂತು. ಜ್ವರ ಇಳಿಯಿತು, ಮಾತು ಇಳಿಯಲಿಲ್ಲ. ಬೆರಳಿಲ್ಲದವಳು, ಜಡ್ಡಿನವಳು, ಉಣ್ಣದೆ ಹೊರಬೀಳುವವಳು ಎಂದು ಒಂದು ವರ್ಷ ನನ್ನನ್ನು ಕರೆಯುವವರು ಅರ್ಧಕ್ಕರ್ಧ ಕಡಿಮೆಯಾದರು. ಹೊನ್ನವ್ವನ ಸುದ್ದಿಯೂ ಅದಕ್ಕೆ ಸೇರಿತು.

ಅಷ್ಟರಲ್ಲಿ ಕಾಳಿನ ಬರ ಬಂತು. ಯುದ್ಧದ ಕಾಲ. ಒಕ್ಕಿದ ಜೋಳವನ್ನು ಸರ್ಕಾರದವರು ಲೆವಿ ಎಂದು ಕಣದಿಂದಲೇ ಅಳೆದು ಒಯ್ಯುತ್ತಿದ್ದರು. ಊರಿನವರಿಗೆ ಚೀಟಿಯ ಮೇಲೆ ಹುಳುಕು ಕಾಳು. ಮಂದಿ ಕಣ್ಣೆದುರೇ ಒಣಗುತ್ತಿದ್ದರು. ಬಾಣಂತಿಯರ ಎದೆಯಲ್ಲಿ ಹಾಲಿರಲಿಲ್ಲ. ಅಂಥ ದಿನಗಳಲ್ಲಿ ನಾನು ಈ ಮೈ ಹೊತ್ತುಕೊಂಡು ಬಜಾರಿನಲ್ಲಿ ನಡೆಯಬೇಕಿತ್ತು. ಕಾಳಿನ ಸಾಲಿನಲ್ಲಿ ನಿಂತಾಗ ಹಿಂದಿನಿಂದ ಒಬ್ಬಳು, "ಲೆವಿ ಜ್ವಾಳ ಎಲ್ಲಿ ಹೋಗ್ತೈತಿ ಅಂತ ಕೇಳ್ತಿದ್ರೆಲ್ಲ, ನೋಡ್ರಿ ಇಲ್ಲೇ ನಿಂತೈತಿ," ಎಂದಳು. ಸಾಲೆಲ್ಲ ನಕ್ಕಿತು. ಅವಳ ಎರಡು ಕೂಸುಗಳನ್ನು ಹಿಡಿದವಳು ನಾನೇ.

ನನಗೇ ಅಚ್ಚರಿಯಾಗುತ್ತಿತ್ತು. ಸಿಹಿ ಬಿಟ್ಟಿದ್ದೆ, ಡಾಕ್ಟರು ಹೇಳಿದಂತೆ ಉಣ್ಣುತ್ತಿದ್ದೆ, ಆದರೂ ಮೈ ಇಳಿಯುತ್ತಿರಲಿಲ್ಲ. ಅತ್ತೆ ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ಅವಳು ಮಾತ್ರ ನನ್ನ ಜೊತೆ ಕೂರುತ್ತಿರಲಿಲ್ಲ. "ನಂದು ಆತು, ನೀ ಬರೂದು ತಡಾ ಆತಲ್ಲ," ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ಅತ್ತೆ ಕುಳಿತಿದ್ದಳು. ಮುಂದೆ ಒಂದು ಬಟ್ಟಲಲ್ಲಿ ಜೋಳದ ತೌಡನ್ನು ಕುದಿಸಿದ ತೆಳ್ಳನೆಯ ಅಂಬಲಿ. ಅದರಲ್ಲಿ ಅರ್ಧ ರೊಟ್ಟಿ ಅದ್ದಿಕೊಂಡು ಚೀಪುತ್ತಿದ್ದಳು. ಒಲೆಯ ಪಕ್ಕದ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿದ, ತಟ್ಟಿ ಇನ್ನೂ ಬೇಯಿಸದ ನಾಲ್ಕು ರೊಟ್ಟಿ, ನನ್ನವು. ಡಾಕ್ಟರು ಹೇಳಿದ್ದು ಎರಡು. ಇವಳು ಎರಡೆರಡನ್ನು ಒಂದರ ಮೇಲೊಂದು ತಟ್ಟಿ, ಅಂಟಿಸಿ ಒಂದು ಮಾಡಿ ಬೇಯಿಸುತ್ತಿದ್ದುದು ನನಗೆ ಆಗ ಹೊಳೆಯಿತು. ಕೈಗೆ ಭಾರ ಹತ್ತಿದರೂ ಬರಗಾಲದ ಹಿಟ್ಟು ಎಂದುಕೊಂಡಿದ್ದೆ. ಅಂದು ಅಂಟಿಸುವ ಮೊದಲೇ ನಾನು ಬಂದಿದ್ದೆ.

"ಅತ್ತಿ, ಇದೇನ?"

ಅವಳು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿದಳು. ಕಳ್ಳತನದಲ್ಲಿ ಸಿಕ್ಕವಳಂತೆ.

"ನನಗ ಹಲ್ಲಿಲ್ಲ. ರೊಟ್ಟಿ ಕಡ್ಯಾಕ ಆಗೂದಿಲ್ಲ."

"ಸುಳ್ಳ ಹೇಳಬ್ಯಾಡ."

"ನೀ ದುಡಿಯಾಕಿ. ಹೊರಗ ಅಡ್ಯಾಡಾಕಿ. ನಾ ಮನ್ಯಾಗ ಕುಂತಾಕಿ, ನನಗ್ಯಾಕ ಬೇಕು?" ಅವಳ ದನಿ ಒಡೆಯಿತು. "ಆ ಡಾಕ್ಟರ ಮಾತು ಕೇಳಿ ನೀ ಸೊರಗಿ ಸತ್ರ ನಾ ಯಾರಿಗೆ ರೊಟ್ಟಿ ಬಡೀಲಿ?"

ಅವಳ ತೋಳು ಹಿಡಿದೆ. ನನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಪೂರ್ತಿ ಹಿಡಿಸಿತು. ದಿನವೂ ಒಂದೇ ಮನೆಯಲ್ಲಿದ್ದು ನಾನು ಅದನ್ನು ನೋಡಿರಲಿಲ್ಲ. ಊರಿನ ಬಾಣಂತಿಯರ ಎಲುಬು ಎಣಿಸುತ್ತಿದ್ದ ನನಗೆ ಅತ್ತೆಯ ಎಲುಬು ಕಂಡಿರಲಿಲ್ಲ. ಕಾಳಿನ ಸಾಲಿನಲ್ಲಿ ಆ ಹೆಂಗಸು ಆಡಿದ ಮಾತು ಸುಳ್ಳೇನಲ್ಲ ಅನ್ನಿಸಿತು. ನಾನು ಬೇರೆಯವರ ಪಾಲು ಉಣ್ಣುತ್ತಿದ್ದೆ.

ಅಂದಿನಿಂದ ಒಂದು ಕಟ್ಟಳೆ ಮಾಡಿದೆ. ರೊಟ್ಟಿ ನಾನೇ ಬಡಿಯುವುದು. ಎದುರುಬದುರು ಕುಳಿತು ಒಂದೇ ಹೊತ್ತಿಗೆ ಉಣ್ಣುವುದು, ನನಗೆ ಎರಡು, ಅವಳಿಗೆ ಎರಡು. ಅವಳದು ಮುಗಿಯುವವರೆಗೆ ನಾನು ಏಳುವುದಿಲ್ಲ. ಅವಳಿಗೆ ಹಲ್ಲಿಲ್ಲದ್ದು ನಿಜವೇ, ಮಜ್ಜಿಗೆಯಲ್ಲಿ ನೆನೆಸಿ ಮೆಲ್ಲಗೆ ತಿನ್ನುತ್ತಿದ್ದಳು. ಅವಳಿಗಾಗಿ ನಾನೂ ನಿಧಾನಕ್ಕೆ ತಿನ್ನಬೇಕಾಯಿತು. ಮೊದಮೊದಲು ಅವಳು ತನ್ನ ತಾಟಿನಿಂದ ಮುರಿದು ನನ್ನ ತಾಟಿಗೆ ಎಸೆಯುತ್ತಿದ್ದಳು, ನಾನು ಮರಳಿ ಎಸೆಯುತ್ತಿದ್ದೆ. ಇಬ್ಬರೂ ಅತ್ತ ದಿನಗಳಿವೆ. ನನ್ನ ಹಸಿವೂ ಸುಮ್ಮನಿರಲಿಲ್ಲ. ಎರಡು ರೊಟ್ಟಿಯಾದ ಮೇಲೆ ಹೊಟ್ಟೆ ಇನ್ನೂ ಕೈ ಚಾಚುತ್ತಿತ್ತು. ಆಗ ಎದ್ದು ಬಾವಿಯ ನೀರು ತರಲು ಹೋಗುತ್ತಿದ್ದೆ. ಹೋಗಿ ಬರುವಷ್ಟರಲ್ಲಿ ಅದು ಸೋತು ಕೂರುತ್ತಿತ್ತು, ಕೆಲವು ದಿನ ಕೂರುತ್ತಿರಲಿಲ್ಲ.

ಬಾಣಂತಿ ಮನೆಗಳಲ್ಲಿ ಪಾಯಸವನ್ನು ನಾಲಿಗೆಗೆ ಒಂದು ಬೆರಳು ಹಚ್ಚಿಕೊಂಡು, "ಉಂಡೆ ತಾಯಿ, ನಿನ್ನ ಮಗಳ ಎದಿ ತುಂಬಲಿ," ಎಂದು ಉಳಿದದ್ದನ್ನು ಬಾಣಂತಿಗೇ ಕೊಡತೊಡಗಿದೆ. ಹಸಿದ ಕಾಲವಾದ್ದರಿಂದ ಅಜ್ಜಿಯರು ಬೇಡವೆನ್ನಲಿಲ್ಲ. ಮೆಲ್ಲಮೆಲ್ಲಗೆ ಕರೆಯಲು ಬಂದರು. ಬಂಡಿ ಬೇಡವೆಂದು ಹತ್ತಿರದ ಊರುಗಳಿಗೆ ಕೋಲು ಹಿಡಿದು ನಡೆದೆ.

ಇಳಿದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಹೊಗಳಿದವರಿಲ್ಲ. ಮೊದಲ ವರ್ಷ ಗದಗಿನ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ಸ್ವಲ್ಪವೇ ಹಿಂದೆ ಸರಿದಿತ್ತು. ನನಗೆ ಅಳು ಬಂತು, ಡಾಕ್ಟರು ಮಾತ್ರ ತಲೆಯಾಡಿಸಿ, "ಹಿಂಗ ಬೇಕು," ಎಂದರು. ಎರಡನೆಯ ವರ್ಷ ತವರಿನಲ್ಲಿ ತಮ್ಮನ ಮಗಳ ಮದುವೆ. ಹತ್ತು ದಿನ ಇದ್ದೆ, ಹೋಳಿಗೆ ತಿಂದೆ, ಕಾಲಿನಲ್ಲಿ ಮತ್ತೆ ಬಾವು ಬಂತು. ಹಿಂದಿನಂತೆ ಉಪವಾಸಕ್ಕೆ ಬೀಳಬೇಕೆನ್ನಿಸಿತು. ಬೀಳಲಿಲ್ಲ. ಮನೆಗೆ ಬಂದು ಎರಡು ರೊಟ್ಟಿ ಬಡಿದು ಅತ್ತೆಯ ಎದುರಿಗೆ ಕುಳಿತೆ. ಹಕೀಮರ ಪುಡಿಯಿಂದ ಎಣಿಸಿದರೆ ಅಷ್ಟು ಮಾಡಲು ನನಗೆ ಹದಿನಾಲ್ಕು ವರ್ಷ ಬೇಕಾಗಿತ್ತು. ನಾಲ್ಕನೆಯ ವರ್ಷದ ಒಂದು ದಿನ ಹೆರಿಗೆ ಮುಗಿಸಿ, ಮಾತನಾಡುತ್ತ ಮಾತನಾಡುತ್ತ ನೆಲದಿಂದ ಒಬ್ಬಳೇ ಎದ್ದಿದ್ದೆ. ಹೊರಗೆ ಬಂದ ಮೇಲೆ ಅದು ಗೊತ್ತಾಯಿತು.

ಅತ್ತೆಯ ಮೈಗೆ ಆ ಎರಡು ರೊಟ್ಟಿ ಹತ್ತಲಿಲ್ಲ. ಬರದ ವರ್ಷಗಳು ಅವಳನ್ನು ಒಳಗಿನಿಂದ ತಿಂದಿದ್ದವು. ಕೊನೆಯ ಐದು ತಿಂಗಳು ಹಾಸಿಗೆ ಹಿಡಿದಳು. ನಾನು ಅವಳನ್ನು ಎತ್ತಿ ಬಚ್ಚಲಿಗೆ ಒಯ್ದೆ, ಮಗ್ಗುಲು ಬದಲಿಸಿದೆ, ನೆಲದಲ್ಲಿ ಕುಳಿತು ತಲೆ ಬಾಚಿದೆ. ಹಳೆಯ ಮೈಯಿಂದ ಇದೊಂದೂ ಆಗುತ್ತಿರಲಿಲ್ಲ. ಮೈ ಇಳಿಸಿದ್ದಕ್ಕೆ ನನಗೆ ಸಿಕ್ಕ ಫಲ ಯಾವುದೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಅವಳು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಒಂದು ಮುಂಜಾನೆ ಎಳೆ ಬಿಸಿಲಿಗೆಂದು ಅಂಗಳಕ್ಕೆ ಎತ್ತಿ ತಂದಾಗ ನನ್ನ ಕೆನ್ನೆ ಮುಟ್ಟಿ ನೋಡಿದಳು. ಕಣ್ಣು ಆಗಲೇ ಮಂಜಾಗಿದ್ದವು.

"ಭಾಳ ಸೊರಗೀದಿ ನೀಲಿ. ಅಲ್ಲಿ ಹೋದ್ರ ನನ್ನ ಮಗ ಕೇಳ್ತಾನ, ನನ್ನ ಹೇಣ್ತಿನ್ನ ಉಪಾಸ ಕೆಡವಿದ್ಯಾ ಯವ್ವಾ ಅಂತ. ಏನ ಹೇಳ್ಲಿ?"

"ಉಣ್ಣಾಕತ್ತಾಳ, ಹೊಟ್ಟಿ ತುಂಬ ಉಣ್ಣಾಕತ್ತಾಳ ಅಂತ ಹೇಳು."

"ನಂಬೂದಿಲ್ಲ ಅಂವಾ," ಎಂದಳು.

ಅವಳು ಹೋದ ಮೇಲೆ ಓಣಿಯವರು ಹನ್ನೊಂದು ದಿನ ಬುತ್ತಿ ತಂದು ಉಣಿಸಿದರು. ಉಂಡೆ. ಹನ್ನೆರಡನೆಯ ದಿನ ಒಲೆ ಹೊತ್ತಿಸಿ, ಒಂದು ತಾಟು ಇಟ್ಟುಕೊಂಡು ಕುಳಿತೆ. ಈಗಲೂ ದಿನಕ್ಕೆರಡು ಹೊತ್ತು ಹಾಗೆ ಕೂರುತ್ತೇನೆ. ಕೆಲವು ದಿನ ಒಂದೇ ರೊಟ್ಟಿಗೆ ಸಾಕೆನಿಸುತ್ತದೆ. ಬಿಟ್ಟು ಏಳುವುದಿಲ್ಲ. ಇಂದು ಬಿಟ್ಟದ್ದು ನಾಳೆ ಐದಾಗಿ ಬರುತ್ತದೆ ಎಂದು ನನಗೆ ಗೊತ್ತು. ಮಜ್ಜಿಗೆಯಲ್ಲಿ ಅದ್ದಿ, ಮೆಲ್ಲಗೆ, ಎರಡನೆಯದನ್ನೂ ಮುಗಿಸಿ ಕೈ ತೊಳೆಯುತ್ತೇನೆ.